ಯಾರನ್ನೂ ಫೇಲ್ ಮಾಡದ ಗುರುಗಳು

(ಇಲಿನಾಯ್ ರಾಜ್ಯದ ನಮ್ಮೂರ ಸಾರ್ವಜನಿಕ ಗ್ರಂಥಾಲಯದಲ್ಲಿ ಕನ್ನಡಿಗರ ತಿಂಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ.)

ಸ್ನೇಹಿತರೇ,

2018ರಲ್ಲಿ ನಾನು ಟೆಕ್ಸಾಸಿನಲ್ಲಿದ್ದೆ. ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿಟ್ಟುಕೊಂಡು ಓಡಾಡಲು ಬೇಕಾದ ಪರ್ಮಿಟ್ಟಿನ ತರಗತಿಗೆ ಒಂದು ಶನಿವಾರ ಬೆಳಿಗ್ಗೆ ಹೋದೆ. ಹೆದ್ದಾರಿಯ ಪಕ್ಕದ ಹೋಟೆಲೊಂದರ ಸಭಾಕೊಠಡಿ, ಇಪ್ಪತ್ತೆರಡು ಜನ, ಒಂದು ಡಬ್ಬಿ ಡೋನಟ್, ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನ ಚೌಕ. ಬೋಧಕರ ಮೇಜಿನ ಮೇಲೆ ನೀಲಿ ಬಣ್ಣದ ಫೈಲೊಂದಿತ್ತು. ಹಾಜರಿಗೆ ಸಹಿ ಹಾಕಲು ಹೋದಾಗ ಅದು ತೆರೆದೇ ಇತ್ತು. ನಾವು ಅರ್ಜಿಯಲ್ಲಿ ತುಂಬಿದ್ದ ಹೆಸರುಗಳನ್ನೇ ಅಚ್ಚು ಮಾಡಿಸಿ, ಕೆಳಗೆ ತಮ್ಮ ಸಹಿಯನ್ನೂ ಹಾಕಿ, ಇಪ್ಪತ್ತೆರಡು ಪ್ರಮಾಣಪತ್ರಗಳನ್ನು ಅವರು ಆಗಲೇ ಸಿದ್ಧಮಾಡಿ ಇಟ್ಟಿದ್ದರು. ಗಂಟೆ ಇನ್ನೂ ಒಂಬತ್ತಾಗಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಇಪ್ಪತ್ತು ಮೈಲಿ ದೂರದ ರೇಂಜಿಗೆ, ಅಂದರೆ ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗಕ್ಕೆ, ಹೋದೆವು. ನನ್ನ ಎಡಕ್ಕೆ ನಿಂತಿದ್ದವರು ಐವತ್ತು ದಾಟಿದ ಸಂಭಾವಿತ ಮನುಷ್ಯ. ಕೈಯಲ್ಲಿ ಆ ವಾರವಷ್ಟೇ ಕೊಂಡ ಪಿಸ್ತೂಲು. ಹತ್ತನೆಯದೋ ಹನ್ನೊಂದನೆಯದೋ ಗುಂಡಿಗೆ ಖಾಲಿ ಕಾಡತೂಸು ಹೊರಗೆ ಬೀಳದೆ, ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಸ್ಲೈಡಿನ ಬಾಯಲ್ಲಿ ಸಿಕ್ಕಿಕೊಂಡಿತು. ಏನು ಮಾಡಬೇಕೆಂದು ಕೇಳಲು ಅವರು ಹಿಂದಕ್ಕೆ ತಿರುಗಿದರು. ಮನುಷ್ಯ ತಿರುಗಿದರೆ ಕೈ ತಿರುಗುತ್ತದೆ, ಕೈಯಲ್ಲಿದ್ದದ್ದೂ ತಿರುಗುತ್ತದೆ. ಆ ನಳಿಕೆ ನನ್ನ ಹೊಟ್ಟೆಯ ಮಟ್ಟದಲ್ಲಿ ಹಾದು, ನನ್ನ ಹಿಂದೆ ಸರದಿಗಾಗಿ ನಿಂತಿದ್ದ ಹೆಂಗಸಿನವರೆಗೂ ಹೋಯಿತು. ಆ ಮನುಷ್ಯನ ತೋರುಬೆರಳು ಇನ್ನೂ ಟ್ರಿಗರಿನ ಮೇಲೆಯೇ ಇತ್ತು. ಬೋಧಕರು ಬಂದು ಪಿಸ್ತೂಲು ಇಸಿದುಕೊಂಡು, ಸಿಕ್ಕಿಕೊಂಡದ್ದನ್ನು ಬಿಡಿಸಿ, ‘ಎಲ್ಲರಿಗೂ ಆಗುತ್ತೆ ಬಿಡಿ’ ಎಂದು ನಕ್ಕು ವಾಪಸು ಕೊಟ್ಟರು. ಸಂಜೆ ನೀಲಿ ಫೈಲಿನಿಂದ ಇಪ್ಪತ್ತೆರಡು ಪ್ರಮಾಣಪತ್ರಗಳೂ ಹೊರಬಂದವು.

ಪಿಸ್ತೂಲು ಮನೆಯಲ್ಲಿರಬೇಕೋ ಬೇಡವೋ, ಬಂದೂಕು ಹೊಂದುವ ಹಕ್ಕನ್ನು ಕೊಡುವ ಅಮೆರಿಕದ ಸಂವಿಧಾನದ ಎರಡನೆಯ ತಿದ್ದುಪಡಿ ಸರಿಯೋ ತಪ್ಪೋ ಎಂಬುದು ಇಂದಿನ ವಿಷಯವಲ್ಲ. ಆ ಚರ್ಚೆ ಹಿಡಿದರೆ ಗ್ರಂಥಾಲಯದವರು ದೀಪ ಆರಿಸುವ ಹೊತ್ತಿಗೂ ನಾವು ಇಲ್ಲೇ ಇರುತ್ತೇವೆ. ನಾನು ಹೇಳಹೊರಟಿರುವುದು ಅದಕ್ಕಿಂತ ಸಣ್ಣ ಸಂಗತಿ. ಈ ದೇಶದಲ್ಲಿ ‘ತರಬೇತಿ ಪಡೆದವನು’ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಗಂಟೆಯ ಕಾಟಾಚಾರವೂ ಇರಬಹುದು, ಎರಡು ದಿನದ ಕಟ್ಟುನಿಟ್ಟಿನ ಪಾಠವೂ ಇರಬಹುದು, ಮತ್ತು ಪ್ರಮಾಣಪತ್ರ ನೋಡಿ ಯಾವುದು ಯಾವುದೆಂದು ಹೇಳಲು ಸಾಧ್ಯವಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಕಾಯ್ದೆಯ ಗಂಟೆಗಳ ಲೆಕ್ಕವೆಂದು ಎಲ್ಲರೂ ಹೇಳುತ್ತಾರೆ. ಕಾರಣ ಬೇರೆಯೇ ಎಂದು ನನಗನಿಸುತ್ತದೆ: ಎದುರಿಗೆ ನಿಂತವನಿಗೆ ‘ಇವತ್ತು ನಿನಗೆ ಕೊಡಲಾರೆ’ ಎನ್ನಬಲ್ಲ ಬೋಧಕರು ಕಡಿಮೆ, ಹಾಗೆ ಹೇಳಿದವರಿಗೆ ಲಾಭವಂತೂ ಇಲ್ಲವೇ ಇಲ್ಲ.

ಕಾಯ್ದೆಗಳ ಚಿತ್ರ ಮೊದಲು ನೋಡಿಬಿಡೋಣ, ಏಕೆಂದರೆ ಅದು ಕೌದಿಯಂತೆ ತುಂಡುತುಂಡಾಗಿದೆ. ವರ್ಮಾಂಟ್ ರಾಜ್ಯ ಇಂಥ ಪರ್ಮಿಟ್ಟನ್ನು ಎಂದೂ ಕೇಳಿದ್ದಿಲ್ಲ. 2003ರಲ್ಲಿ ಅಲಾಸ್ಕಾ, 2010ರಲ್ಲಿ ಆರಿಜೋನಾ ಅದೇ ದಾರಿ ಹಿಡಿದವು; ಟೆಕ್ಸಾಸ್ 2021ರಲ್ಲಿ, ಫ್ಲಾರಿಡಾ 2023ರಲ್ಲಿ ಸೇರಿಕೊಂಡವು; 2024ರ ಹೊತ್ತಿಗೆ 29 ರಾಜ್ಯಗಳಲ್ಲಿ ಪರ್ಮಿಟ್ ಇಲ್ಲದೆಯೇ ಪಿಸ್ತೂಲನ್ನು ಮರೆಯಲ್ಲಿಟ್ಟು ಒಯ್ಯಬಹುದಾಗಿತ್ತು. ಹಾಗಾದರೆ ತರಗತಿಗೆ ಯಾರು ಹೋಗುತ್ತಾರೆ ಎಂದು ನೀವು ಕೇಳಬಹುದು. ಈಗಲೂ ಹೋಗುತ್ತಾರೆ. ಒಂದು ರಾಜ್ಯದ ಪರ್ಮಿಟ್ ಇದ್ದರೆ ಅದನ್ನು ಒಪ್ಪುವ ಬೇರೆ ರಾಜ್ಯಗಳಲ್ಲೂ ಓಡಾಡಬಹುದು. ಅಲ್ಲದೆ ಶಾಲೆಗಳಿಂದ 1,000 ಅಡಿಯೊಳಗೆ ಬಂದೂಕು ತರಬಾರದೆಂಬ 1990ರ ಕೇಂದ್ರ ಕಾಯ್ದೆ ಆಯಾ ರಾಜ್ಯದ ಪರ್ಮಿಟ್ ಇದ್ದವರಿಗೆ ವಿನಾಯಿತಿ ಕೊಡುತ್ತದೆ. ಊರಿನೊಳಗೆ ಕಾರು ಓಡಿಸುವವನು ದಿನಕ್ಕೆ ಎಷ್ಟು ಬಾರಿ ಶಾಲೆಯ ಪಕ್ಕ ಹಾಯುತ್ತಾನೆಂದು ಯೋಚಿಸಿದರೆ ಇದರ ಬೆಲೆ ತಿಳಿಯುತ್ತದೆ.

ಪರ್ಮಿಟ್ ಕೊಡುವ ರಾಜ್ಯಗಳಲ್ಲಿ ಪೆನ್ಸಿಲ್ವೇನಿಯಾ, ವಾಷಿಂಗ್ಟನ್‌ನಂಥವು ಯಾವ ತರಬೇತಿಯನ್ನೂ ಕೇಳುವುದಿಲ್ಲ. ಫ್ಲಾರಿಡಾದ ಕಾಯ್ದೆ ಅರ್ಜಿದಾರನು ಬೋಧಕನ ಎದುರಿಗೆ ಬಂದೂಕನ್ನು ಸುರಕ್ಷಿತವಾಗಿ ಹಿಡಿದು ಹಾರಿಸಿ ತೋರಿಸಬೇಕೆನ್ನುತ್ತದೆ, ಎಷ್ಟು ಗುಂಡು ಎಂದು ಹೇಳುವುದಿಲ್ಲ. ಅಕ್ಷರಶಃ ಓದಿದರೆ ಒಂದು ಗುಂಡು ಹಾರಿದರೂ ಕಾಯ್ದೆ ಪಾಲಿಸಿದಂತೆಯೇ. ಯೂಟಾದ ಪರ್ಮಿಟ್ಟಿಗೆ ಗುಂಡು ಹಾರಿಸುವ ಅಗತ್ಯವೇ ಇಲ್ಲ, ಅದನ್ನು ಕಲಿಸುವ ಬೋಧಕರು ದೇಶದ ಉದ್ದಗಲಕ್ಕೂ ಇದ್ದಾರೆ. ವರ್ಜೀನಿಯಾದಲ್ಲಿ 2020ರ ಕೊನೆಯವರೆಗೂ ಮನೆಯ ಸೋಫಾದ ಮೇಲೆ ಕುಳಿತು ವೀಡಿಯೊ ನೋಡಿಯೇ ಅರ್ಹತೆ ಗಳಿಸಬಹುದಿತ್ತು. 2021ರ ಜನವರಿಯಿಂದ ಖುದ್ದು ಹಾಜರಾಗಬೇಕೆಂದಾಯಿತು. ಒಹಾಯೊ 12 ಗಂಟೆಯಿಂದ 8ಕ್ಕೆ ಇಳಿಸಿತು, ಟೆಕ್ಸಾಸ್ 10ರಿಂದ 15 ಇದ್ದದ್ದನ್ನು 4ರಿಂದ 6ಕ್ಕೆ ತಂದಿತು. ನಮ್ಮ ಇಲಿನಾಯ್ ಈ ವಿಷಯದಲ್ಲಿ ಕೊನೆಯ ಬೆಂಚಿನ ವಿದ್ಯಾರ್ಥಿ: ನ್ಯಾಯಾಲಯ ಕಿವಿ ಹಿಂಡಿದ ಮೇಲೆ, 2013ರಲ್ಲಿ, ಐವತ್ತು ರಾಜ್ಯಗಳಲ್ಲಿ ಎಲ್ಲರಿಗಿಂತ ತಡವಾಗಿ ಅನುಮತಿ ಕೊಟ್ಟಿತು, ಕೊಡುವಾಗ 16 ಗಂಟೆಗಳ ತರಬೇತಿಯನ್ನು ಕಡ್ಡಾಯ ಮಾಡಿತು.

ಇನ್ನು ಪರೀಕ್ಷೆಯ ಮಾತು. ಇಲಿನಾಯ್‌ನಲ್ಲಿ 5, 7 ಮತ್ತು 10 ಗಜಗಳಿಂದ ಹತ್ತತ್ತು ಗುಂಡು, ಒಟ್ಟು ಮೂವತ್ತು, ಶೇ. 70, ಅಂದರೆ 21 ಗುಂಡು ಗುರಿಗೆ ತಾಗಿದರೆ ಸಾಕು. ಟೆಕ್ಸಾಸಿನಲ್ಲಿ 3, 7 ಮತ್ತು 15 ಗಜಗಳಿಂದ ಐವತ್ತು ಗುಂಡು. 250 ಅಂಕಕ್ಕೆ 175 ಬರಬೇಕು. ನ್ಯೂಯಾರ್ಕಿನಲ್ಲಿ 4 ಗಜದಿಂದ ಐದು ಗುಂಡು, ನಾಲ್ಕು ತಾಗಬೇಕು. ನಾಲ್ಕು ಗಜವೆಂದರೆ ಈ ವೇದಿಕೆಯಿಂದ ಎರಡನೆಯ ಸಾಲಿನ ಕುರ್ಚಿ. ಗುರಿಯ ಹಾಳೆ ಮನುಷ್ಯನ ಮುಂಡದಷ್ಟು ದೊಡ್ಡದು, ಅದು ಅಲುಗಾಡುವುದಿಲ್ಲ, ನಿಮ್ಮ ಮೇಲೆ ಕಿರುಚುವುದಿಲ್ಲ, ಬೆಳಕು ಚೆನ್ನಾಗಿರುತ್ತದೆ, ಕಾಲಾವಕಾಶ ಧಾರಾಳ. ನ್ಯೂಯಾರ್ಕ್ ನಗರದ ಪೊಲೀಸರ ಬಂದೂಕು ತರಬೇತಿಯನ್ನು ಪರಿಶೀಲಿಸಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, 1998ರಿಂದ 2006ರವರೆಗೆ ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಘಟನೆಗಳಲ್ಲಿ ಪೊಲೀಸರ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಶೇ. 18, ಎದುರಾಳಿ ಹಾರಿಸದೆ ಇದ್ದಾಗ ಶೇ. 30. ಅವರು ವೃತ್ತಿಯವರು, ನಿಯಮಿತವಾಗಿ ಪರೀಕ್ಷೆಗೆ ಒಳಗಾಗುವವರು. ಉಳಿದ ಗುಂಡುಗಳೂ ಎಲ್ಲೋ ಒಂದು ಕಡೆ ಹೋಗಿ ತಾಗಲೇಬೇಕಲ್ಲ. ಹಾಳೆಯ ಮೇಲೆ ಇಪ್ಪತ್ತೊಂದು ತೂತು ಮಾಡಿದವನಿಗೆ ಈ ಮಾತನ್ನು ಹೇಳಿ ಕಳಿಸುವ ಬೋಧಕನೂ ಇದ್ದಾನೆ, ‘ನೀವೀಗ ಸಿದ್ಧ’ ಎಂದು ಬೆನ್ನು ತಟ್ಟಿ ಕಳಿಸುವವನೂ ಇದ್ದಾನೆ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಪರ್ಮಿಟ್ ಇರುವುದು ಪಿಸ್ತೂಲನ್ನು ಸೊಂಟದಲ್ಲಿಟ್ಟುಕೊಂಡು ಓಡಾಡಲು. ಆದರೆ ಟೆಕ್ಸಾಸಿನ ಪರೀಕ್ಷೆಯಲ್ಲಾಗಲಿ ಇಲಿನಾಯ್‌ನ ಪರೀಕ್ಷೆಯಲ್ಲಾಗಲಿ ಹೋಲ್ಸ್ಟರಿನಿಂದ, ಅಂದರೆ ಸೊಂಟಕ್ಕೆ ಸಿಕ್ಕಿಸುವ ಪಿಸ್ತೂಲಿನ ಒರೆಯಿಂದ, ಅದನ್ನು ತೆಗೆದು ತೋರಿಸಬೇಕೆಂಬ ನಿಯಮವಿಲ್ಲ. ಹಲವು ಬಾಡಿಗೆ ರೇಂಜುಗಳಲ್ಲಿ ಹಾಗೆ ತೆಗೆಯುವುದಕ್ಕೆ ಅವಕಾಶವೇ ಇರುವುದಿಲ್ಲ. ಈಜುವ ಲೈಸೆನ್ಸ್ ಕೊಡುವಾಗ ನೀರಿಗಿಳಿಯುವುದನ್ನು ಬಿಟ್ಟಂತೆ. ತೆಗೆಯುವುದಕ್ಕಿಂತ ವಾಪಸು ಇಡುವುದು ಹೆಚ್ಚು ಅಪಾಯದ ಕೆಲಸ. ಅಂಗಿಯ ಅಂಚು ಅಥವಾ ಜಾಕೆಟ್ಟಿನ ದಾರ ಟ್ರಿಗರಿನ ಬಳೆಯೊಳಗೆ ಸಿಕ್ಕಿಕೊಂಡಿದ್ದು, ನಾವು ಗಮನಿಸದೆ ಕೆಳಗೆ ಒತ್ತಿದರೆ, ಗುಂಡು ನಮ್ಮ ತೊಡೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಒಳ್ಳೆಯ ಬೋಧಕರು ಇದನ್ನು ನೀಲಿ ರಬ್ಬರಿನ ನಕಲಿ ಪಿಸ್ತೂಲು ಕೊಟ್ಟು ಐವತ್ತು ಸಲ ಮಾಡಿಸುತ್ತಾರೆ: ಎಡಗೈಯಿಂದ ಅಂಗಿಯನ್ನು ಎದೆಯವರೆಗೆ ಎತ್ತು, ಬೆರಳು ಹೊರಗಿಡು, ಕಣ್ಣಿಂದ ನೋಡು, ನಿಧಾನವಾಗಿ ಇಳಿಸು, ಅವಸರ ಯಾರಿಗೂ ಇಲ್ಲ. ನನ್ನ ಟೆಕ್ಸಾಸಿನ ತರಗತಿಯಲ್ಲಿ ಹೋಲ್ಸ್ಟರ್ ಎಂಬ ಶಬ್ದ ಕೇಳಿಬಂದದ್ದು ಬೋಧಕರು ತಮ್ಮ ಅಂಗಡಿಯ ರಿಯಾಯಿತಿ ಚೀಟಿ ಹಂಚುವಾಗ ಮಾತ್ರ.

ಬೋಧಕ ಎಂದರೆ ಯಾರು? ಬಹುತೇಕ ರಾಜ್ಯಗಳು ಇದನ್ನು ಖಾಸಗಿ ಸಂಸ್ಥೆಗಳ ಪ್ರಮಾಣೀಕರಣಕ್ಕೆ ಬಿಟ್ಟಿವೆ. ಅವುಗಳಲ್ಲಿ ಹಳೆಯದು ನ್ಯಾಷನಲ್ ರೈಫಲ್ ಅಸೋಸಿಯೇಷನ್. ಇಂದು ರಾಜಕೀಯಕ್ಕೆ ಹೆಸರಾದ ಆ ಸಂಸ್ಥೆಯನ್ನು 1871ರಲ್ಲಿ ಕಟ್ಟಿದವರು ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧದಲ್ಲಿ ತಮ್ಮ ಉತ್ತರದ ಸೈನಿಕರ ಗುರಿ ಎಷ್ಟು ಕಳಪೆಯಾಗಿತ್ತೆಂದು ಕಂಡು ಬೇಸತ್ತಿದ್ದ ಮಾಜಿ ಅಧಿಕಾರಿಗಳು. ತರಬೇತಿಯೇ ಅದರ ಮೂಲ ಕಸುಬು. ಅದರ ಪಿಸ್ತೂಲು ಬೋಧಕ ಕೋರ್ಸನ್ನು ಒಂದು ವಾರಾಂತ್ಯದಲ್ಲಿ ಮುಗಿಸಬಹುದು. ಕೋರ್ಸು ಕೆಟ್ಟದ್ದೆಂದು ನಾನು ಹೇಳಲಾರೆ. ಅದರ ಪಠ್ಯ ಅಚ್ಚುಕಟ್ಟಾಗಿದೆ. ಆದರೆ ಒಂದು ವಾರಾಂತ್ಯ ಒಂದು ವಾರಾಂತ್ಯವೇ. ಇದೇ ಇಲಿನಾಯ್‌ನಲ್ಲಿ ಇನ್ನೊಬ್ಬರ ಕೂದಲು ಕತ್ತರಿಸುವ ಲೈಸೆನ್ಸ್ ಬೇಕಾದರೆ 1,500 ಗಂಟೆಗಳ ಕಲಿಕೆ ಬೇಕು. ಕತ್ತರಿಯ ಮುಂದೆ ಕೂರುವ ತಲೆಗೆ ಸರ್ಕಾರ ಕೊಟ್ಟಿರುವ ಬೆಲೆಯನ್ನು ನಾನು ಆಕ್ಷೇಪಿಸುತ್ತಿಲ್ಲ.

ಮಾಜಿ ಸೈನಿಕ, ಮಾಜಿ ಪೊಲೀಸ್ ಎಂಬ ಬಿರುದು ಕಂಡ ಕೂಡಲೇ ನಮ್ಮವರು ಕೈಮುಗಿದುಬಿಡುತ್ತಾರೆ. ಸೈನ್ಯದಲ್ಲಿ ಅಡುಗೆ ಮಾಡಿದವರೂ ಲೆಕ್ಕ ಬರೆದವರೂ ಇರುತ್ತಾರೆ, ಅವರಲ್ಲಿ ಕೆಲವರು ಪಿಸ್ತೂಲನ್ನು ಹಿಡಿದದ್ದೇ ಅಪರೂಪ. ಪೊಲೀಸ್ ಅಧಿಕಾರಿಯ ಕರ್ತವ್ಯವೆಂದರೆ ಗಲಾಟೆಯ ಕಡೆಗೆ ಓಡುವುದು. ಪರ್ಮಿಟ್ ಹೊಂದಿದ ನಾಗರಿಕನ ಮೊದಲ ಕರ್ತವ್ಯ ಅಲ್ಲಿಂದ ಜಾಗ ಖಾಲಿ ಮಾಡುವುದು. ಒಂದನ್ನು ಮೂವತ್ತು ವರ್ಷ ಮಾಡಿದವನು ಇನ್ನೊಂದನ್ನು ಕಲಿಸಬಲ್ಲನೆಂಬುದಕ್ಕೆ ಖಾತರಿಯಿಲ್ಲ. 2004ರಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿ ಮಾದಕವಸ್ತು ನಿಗ್ರಹ ದಳದ ಅಧಿಕಾರಿಯೊಬ್ಬರು ಮಕ್ಕಳಿಗೆ ಬಂದೂಕಿನ ಅಪಾಯವನ್ನು ವಿವರಿಸುತ್ತಾ, ಈ ಕೋಣೆಯಲ್ಲಿ ಇದನ್ನು ಹಿಡಿಯುವಷ್ಟು ಪರಿಣತಿ ಇರುವುದು ನನಗೊಬ್ಬನಿಗೇ ಎಂದು ಹೇಳಿದ ಕೆಲವೇ ಕ್ಷಣಗಳಲ್ಲಿ ತಮ್ಮ ತೊಡೆಗೇ ಗುಂಡು ಹಾರಿಸಿಕೊಂಡದ್ದು ವೀಡಿಯೊದಲ್ಲಿ ದಾಖಲಾಗಿದೆ. ಎಲ್ಲರೂ ಅದನ್ನು ನೋಡಿ ನಗುತ್ತಾರೆ. ಆದರೆ 2016ರ ಜೂನಿನಲ್ಲಿ ಒಹಾಯೊದ ಸಣ್ಣ ಊರೊಂದರಲ್ಲಿ, ಪರ್ಮಿಟ್ ತರಗತಿಯಲ್ಲಿ ಕೆಟ್ಟುನಿಂತ ಪಿಸ್ತೂಲನ್ನು ಸರಿಪಡಿಸುವ ಅಭ್ಯಾಸ ನಡೆಯುತ್ತಿದ್ದಾಗ ವಿದ್ಯಾರ್ಥಿಯ ಕೈಯಿಂದ ಹಾರಿದ ಗುಂಡು ಗೋಡೆಯನ್ನು ತೂರಿ, ಪಕ್ಕದ ಕೋಣೆಯಲ್ಲಿ ಕುಳಿತಿದ್ದ ಬಂದೂಕು ಅಂಗಡಿಯ ಮಾಲೀಕರನ್ನು ಕೊಂದದ್ದಕ್ಕೆ ನಗಲಾಗದು. ಪಾಠದ ಕೋಣೆಯೊಳಗೆ ನಿಜವಾದ ಗುಂಡು ಬರಬಾರದು ಎಂಬುದು ಈ ಕಸುಬಿನ ಅ ಆ ಇ ಈ. ಬಾಗಿಲಲ್ಲೇ ಚೀಲ ತಡೆದು ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿಸಿ ಒಳಗೆ ಬಿಡುವ ಬೋಧಕರಿದ್ದಾರೆ, ಸೊಂಟದಲ್ಲಿ ತುಂಬಿದ ಪಿಸ್ತೂಲು ಇಟ್ಟುಕೊಂಡು ಅದನ್ನೇ ಆಗಾಗ ಹೊರತೆಗೆದು ಪಾಠ ಮಾಡುವವರೂ ಇದ್ದಾರೆ.

ಈಗ ಮಾರುಕಟ್ಟೆಯ ಕಡೆಗೆ ಬರೋಣ. ಈ ತರಗತಿಗೆ ಬರುವವನಿಗೆ ತನಗೆ ಏನು ಗೊತ್ತಿಲ್ಲ ಎಂಬುದೇ ಗೊತ್ತಿರುವುದಿಲ್ಲ, ಆದ್ದರಿಂದ ಅವನು ಆರಿಸುವುದು ತನಗೆ ಅಳೆಯಲು ಬರುವ ಎರಡನ್ನೇ: ಎಷ್ಟು ಡಾಲರು, ಎಷ್ಟು ಹೊತ್ತು. ಎಂಟು ಗಂಟೆ ಕೂರಿಸುವವನಿಗಿಂತ ನಾಲ್ಕು ಗಂಟೆಯಲ್ಲಿ ಬಿಡುವವನು ಒಳ್ಳೆಯವನು. ನಕ್ಕು ಕಳಿಸಿದವನಿಗೆ ಐದು ನಕ್ಷತ್ರ, ಫೇಲ್ ಮಾಡಿದವನಿಗೆ ಒಂದು. ಯಾವ ಗಿರಾಕಿಯೂ ‘ಇವರು ನನ್ನನ್ನು ಸರಿಯಾಗಿಯೇ ವಾಪಸು ಕಳಿಸಿದರು’ ಎಂದು ಬರೆದದ್ದನ್ನು ನಾನು ಕಂಡಿಲ್ಲ. ಹೀಗಾಗಿ ಕಾಯ್ದೆ ಹಾಕಿದ ನೆಲವೇ ಎಲ್ಲರಿಗೂ ಚಾವಣಿಯಾಗುತ್ತದೆ. ನಮ್ಮಲ್ಲಿ ಡ್ರೈವಿಂಗ್ ಸ್ಕೂಲಿನವನಿಗೆ ದುಡ್ಡು ಕೊಟ್ಟು ಎಂಟು ಬರೆಯದೆಯೇ ಲೈಸೆನ್ಸ್ ಮಾಡಿಸಿಕೊಂಡವರು ಈ ಸಭೆಯಲ್ಲೂ ಇರಬಹುದು. ಅವರಿಗೆ ಈ ವ್ಯಾಪಾರದ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಪಾಠ ಎಲ್ಲಕ್ಕಿಂತ ದುರ್ಬಲ, ಹಾಗೂ ಎಲ್ಲಕ್ಕಿಂತ ಅಪಾಯಕಾರಿ. ‘ಗುಂಡೇಟಿಗೆ ಕಳ್ಳ ಮನೆಯ ಹೊರಗೆ ಬಿದ್ದರೆ ಒಳಗೆ ಎಳೆದುಕೊಳ್ಳಿ’ ಎಂಬ ಹಳೆಯ ಉಪದೇಶವನ್ನು ಈಗಲೂ ತಮಾಷೆಯ ಧಾಟಿಯಲ್ಲಿ ಹೇಳುವವರಿದ್ದಾರೆ; ಅದು ಸಾಕ್ಷ್ಯವನ್ನು ತಿದ್ದುವ ಅಪರಾಧ, ನ್ಯಾಯವಾಗಿದ್ದ ಆತ್ಮರಕ್ಷಣೆಯನ್ನೂ ಕೊಲೆಯ ಆರೋಪವಾಗಿ ತಿರುಗಿಸಬಲ್ಲ ಮೂರ್ಖತನ. ರಾತ್ರಿಯ ವೇಳೆ ಕಳವು ತಡೆಯಲು ಕೆಲವು ಷರತ್ತುಗಳಡಿ ಮಾರಕ ಬಲವನ್ನು ಬಳಸಲು ಟೆಕ್ಸಾಸಿನ ದಂಡಸಂಹಿತೆ ಅವಕಾಶ ಕೊಡುತ್ತದೆ. ನಮ್ಮ ಬೋಧಕರು ಆ ಷರತ್ತುಗಳನ್ನು ಹಾರಿಸಿ, ರಾತ್ರಿ ಎಂಬುದೊಂದನ್ನು ಮಾತ್ರ ಗಟ್ಟಿಯಾಗಿ ಹೇಳಿದರು. 2005ರಲ್ಲಿ ಫ್ಲಾರಿಡಾ ಹಿಂದೆ ಸರಿಯದೆ ನಿಂತಲ್ಲೇ ಎದುರಿಸಬಹುದೆಂಬ ಕಾಯ್ದೆ ಮಾಡಿತು. ನ್ಯೂಯಾರ್ಕಿನಲ್ಲಾದರೋ ಮನೆಯ ಹೊರಗೆ, ಸುರಕ್ಷಿತವಾಗಿ ಹಿಂದೆ ಸರಿಯಲು ಸಾಧ್ಯವಿದ್ದರೆ ಸರಿಯಲೇಬೇಕು. ಗಡಿ ದಾಟಿದರೆ ಸರಿ ತಪ್ಪಾಗುವ ವಿಷಯವಿದು. ‘ನಮ್ಮ ಪರ್ಮಿಟ್ ಹೆಚ್ಚುಕಡಿಮೆ ಎಲ್ಲ ಕಡೆ ನಡೆಯುತ್ತೆ’ ಎಂದು ನಮ್ಮ ಟೆಕ್ಸಾಸಿನ ಬೋಧಕರು ಹೇಳಿದ್ದನ್ನು ನಂಬಿಕೊಂಡು 2021ರಲ್ಲಿ ನಾನು ಇಲಿನಾಯ್‌ಗೆ ಸಾಮಾನು ಸಾಗಿಸಿದೆ. ಇಲಿನಾಯ್ ಬೇರೆ ಯಾವ ರಾಜ್ಯದ ಪರ್ಮಿಟ್ಟಿನ ಮೇಲೂ ಇಲ್ಲಿನ ಬೀದಿಯಲ್ಲಿ ಪಿಸ್ತೂಲು ಒಯ್ಯಲು ಬಿಡುವುದಿಲ್ಲ. ಇಲ್ಲಿ ನೆಲೆಸಿದವರು ಬಂದೂಕು ಇಟ್ಟುಕೊಳ್ಳಬೇಕಾದರೇ 1968ರಿಂದ ಜಾರಿಯಲ್ಲಿರುವ ಗುರುತಿನ ಚೀಟಿಯೊಂದು ಬೇಕು, ಪರ್ಮಿಟ್ ಇದ್ದವರೂ ಸಾರ್ವಜನಿಕ ಬಸ್ಸು ರೈಲುಗಳಲ್ಲಿ ಒಯ್ಯುವಂತಿಲ್ಲ ಎಂಬುದೆಲ್ಲ ನನಗೆ ತಿಳಿದದ್ದು ಪೆಟ್ಟಿಗೆ ಬಿಚ್ಚುವ ಮೊದಲು ಅಕಸ್ಮಾತ್ತಾಗಿ ಕಾಯ್ದೆ ಓದಿದ್ದರಿಂದ.

ಈ ಸಭೆಗೆ ನೇರವಾಗಿ ತಟ್ಟುವ ಮಾತೊಂದನ್ನು ಇಲ್ಲಿ ಸೇರಿಸಲೇಬೇಕು. ಎಚ್-1ಬಿ (ಉದ್ಯೋಗ), ಎಫ್-1 (ವಿದ್ಯಾರ್ಥಿ) ಮುಂತಾದ ವಲಸೆಯೇತರ ವೀಸಾಗಳಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾಯ್ದೆ ನಿಷೇಧಿಸುತ್ತದೆ. ಕೆಲವೇ ವಿನಾಯಿತಿಗಳಿವೆ, ಊರ್ಜಿತದಲ್ಲಿರುವ ಬೇಟೆಯ ಲೈಸೆನ್ಸ್ ಅವುಗಳಲ್ಲಿ ಒಂದು. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಹೊಂದುವುದು ಎಂದರೆ ಕೊಂಡುಕೊಳ್ಳುವುದು ಮಾತ್ರ ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ಅದು ಹೊಂದಿದ ಲೆಕ್ಕಕ್ಕೆ ಬರುತ್ತದೆ. ತಂಡದವರೊಂದಿಗೆ ಮೋಜಿಗೆಂದು ರೇಂಜಿಗೆ ಹೋಗಿ, ಫೋಟೊ ತೆಗೆಸಿಕೊಂಡು, ಅದನ್ನು ಊರಿನ ಗುಂಪುಗಳಿಗೆಲ್ಲ ಹಂಚುವ ಯುವಕನಿಗೆ ತಾನು ತನ್ನ ವೀಸಾದ ಮೇಲೆಯೇ ಗುರಿಯಿಟ್ಟಿದ್ದೇನೆ ಎಂಬ ಅರಿವಿರುವುದಿಲ್ಲ. ಒಳ್ಳೆಯ ಬೋಧಕರು ನೋಂದಣಿಯ ಹೊತ್ತಿನಲ್ಲೇ ಈ ಪ್ರಶ್ನೆ ಕೇಳುತ್ತಾರೆ. ನನ್ನ ಟೆಕ್ಸಾಸಿನ ತರಗತಿಯಲ್ಲಿ ಕೇಳಿದ್ದು ಕ್ರೆಡಿಟ್ ಕಾರ್ಡಿನ ಸಂಖ್ಯೆ.

ಪಠ್ಯದಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ಹೊರಗಿನವರೊಬ್ಬರು ಕುಳಿತು ನೋಡಿದ ಒಂದು ಅಧ್ಯಯನವಿದೆ. ಹಾರ್ವರ್ಡಿನ ಡೇವಿಡ್ ಹೆಮನ್‌ವೇ ಮತ್ತು ಸಂಗಡಿಗರು ಈಶಾನ್ಯದ ಏಳು ರಾಜ್ಯಗಳಲ್ಲಿ ಇಪ್ಪತ್ತು ಪ್ರಾಥಮಿಕ ತರಗತಿಗಳ ಪಾಠವನ್ನು ದಾಖಲಿಸಿದರು. ಟ್ರಿಗರಿನಿಂದ ಬೆರಳು ದೂರವಿಡುವುದು, ತುಂಬುವುದು, ಖಾಲಿ ಮಾಡುವುದು ಬಹುತೇಕ ಎಲ್ಲ ಕಡೆಯೂ ಇತ್ತು. ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡುವ ಮಾತು ಕೆಲವರಲ್ಲಿ ಇತ್ತು, ಕೆಲವರಲ್ಲಿ ಇರಲಿಲ್ಲ. ಜಗಳವನ್ನು ತಣ್ಣಗಾಗಿಸುವ ಉಪಾಯ, ಆತ್ಮಹತ್ಯೆ, ಕೌಟುಂಬಿಕ ಹಿಂಸೆ – ಇವುಗಳ ಪ್ರಸ್ತಾಪ ಬಂದದ್ದು ಹತ್ತರಲ್ಲಿ ಒಂದೆರಡು ತರಗತಿಗಳಲ್ಲಿ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಹಾಗೆಂದರೆ, ಇನ್ನೂ ಬಂದಿಲ್ಲದ ಕಳ್ಳನ ಬಗ್ಗೆ ಆರು ಗಂಟೆ ಮಾತಾಡಿ, ಮನೆಯೊಳಗೇ ಇರುವ ಹದಿನೇಳರ ಮಗನ ಅಥವಾ ಕೆಲಸ ಕಳೆದುಕೊಂಡ ಗಂಡನ ಒಂದು ಕೆಟ್ಟ ರಾತ್ರಿಯ ಬಗ್ಗೆ ಆರು ನಿಮಿಷವನ್ನೂ ಕೊಡದ ತರಗತಿ, ಹೆಚ್ಚು ಸಂಭವನೀಯವಾದ ಸಾವನ್ನು ಬಿಟ್ಟು ಕಡಿಮೆ ಸಂಭವನೀಯವಾದದ್ದಕ್ಕೆ ಸಿದ್ಧಮಾಡುತ್ತಿದೆ. ಕೆಲಸ ಹೋದರೆ ಅರವತ್ತು ದಿನದಲ್ಲಿ ದೇಶ ಬಿಡಬೇಕಾದ ಆತಂಕವನ್ನು ಬಲ್ಲ ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕೇ? 2009ರಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಒಂದೇ ಅಂಗಡಿಯಿಂದ ಬಂದೂಕು ಕೊಂಡ ಮೂವರು ಒಂದು ವಾರದೊಳಗೆ ಪ್ರಾಣ ಕಳೆದುಕೊಂಡ ಮೇಲೆ, ಅಲ್ಲಿನ ಬಂದೂಕು ವ್ಯಾಪಾರಿಗಳೇ ಆರೋಗ್ಯ ಕಾರ್ಯಕರ್ತರೊಂದಿಗೆ ಸೇರಿ ಗಿರಾಕಿಗಳಿಗೆ ತಿಳಿಹೇಳುವ ಕೆಲಸ ಆರಂಭಿಸಿದರು. ಬಂದೂಕಿನ ಜಗತ್ತಿಗೆ ಇದು ಪರಕೀಯ ಮಾತಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ.

ಹಾಗಾದರೆ ಗಂಟೆಗಳನ್ನು ಹೆಚ್ಚಿಸಿಬಿಡೋಣವೆನ್ನುವುದು ಸುಲಭದ ಉತ್ತರ. 2022ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದಲ್ಲಿ, ವಿಶೇಷ ಕಾರಣ ತೋರಿಸಿದವರಿಗೆ ಮಾತ್ರ ಪರ್ಮಿಟ್ ಕೊಡುವ ನ್ಯೂಯಾರ್ಕಿನ ಹಳೆಯ ಪದ್ಧತಿಯನ್ನು ರದ್ದುಮಾಡಿದಾಗ, ಸೆಪ್ಟೆಂಬರಿನಿಂದಲೇ ಆ ರಾಜ್ಯ 16 ಗಂಟೆ ತರಗತಿ ಮತ್ತು 2 ಗಂಟೆ ರೇಂಜ್ ಕಡ್ಡಾಯವೆಂದಿತು; ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ 16 ಗಂಟೆ ಎಂದಿತು. ಅದೇ ತೀರ್ಪು ಸುರಕ್ಷತಾ ತರಬೇತಿಯನ್ನು ಕೇಳುವುದು ತಪ್ಪಲ್ಲವೆಂದು ಅಡಿಟಿಪ್ಪಣಿಯಲ್ಲಿ ಸೂಚಿಸಿ, ವಿಪರೀತ ಶುಲ್ಕ ಮತ್ತು ವಿಳಂಬಗಳಿಂದ ಹಕ್ಕನ್ನೇ ಕಸಿಯಬಾರದೆಂದೂ ಎಚ್ಚರಿಸಿದೆ. ಎಚ್ಚರಿಕೆಯಲ್ಲಿ ಹುರುಳಿದೆ. ಎರಡು ದಿನದ ರಜೆ, ನೂರಾರು ಡಾಲರು ಹೊಂದಿಸಲಾಗದ ರಾತ್ರಿಪಾಳಿಯ ಪೆಟ್ರೋಲ್ ಬಂಕಿನ ನೌಕರನಿಗೆ ಭಯ ನಮಗಿಂತ ಹೆಚ್ಚೇ ಇರುತ್ತದೆ. ಇತ್ತ, ಹದಿನಾರು ಗಂಟೆಯನ್ನು ವೀರಗಾಥೆಗಳಿಂದ ತುಂಬಿಸುವುದೇನೂ ಕಷ್ಟವಲ್ಲ. ಇಲ್ಲಿಯ ಪರಿಚಿತರೊಬ್ಬರು ತಮ್ಮ ಹದಿನಾರು ಗಂಟೆಗಳಲ್ಲಿ ಮೂರನ್ನು ಬೋಧಕರ ಮರುಭೂಮಿ ಯುದ್ಧದ ಫೋಟೊಗಳನ್ನು ನೋಡುವುದರಲ್ಲಿ ಕಳೆದರಂತೆ.

ಮಲೆನಾಡು, ಕೊಡಗಿನ ಕಡೆಯಿಂದ ಬಂದವರಿಗೆ ಕೋವಿ ಹೊಸತಲ್ಲ. ನಮ್ಮ ಅಡಿಕೆ ತೋಟದ ಮನೆಯಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸಿನ ಒಂಟಿ ನಳಿಕೆಯ ಕೋವಿಯಿತ್ತು. ಚುನಾವಣೆ ಬಂದರೆ ಅದನ್ನು ಠಾಣೆಯಲ್ಲಿ ಒಪ್ಪಿಸಿ ಬರುವುದು ದೊಡ್ಡಪ್ಪನ ಗೊಣಗಾಟದ ಖಾಯಂ ವಿಷಯ. ಈಗ ಅಲ್ಲಿಯೂ 2016ರ ಶಸ್ತ್ರಾಸ್ತ್ರ ನಿಯಮಗಳು ತರಬೇತಿಯ ಪ್ರಮಾಣಪತ್ರ ಕೇಳುತ್ತವೆ, ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತಾರೆ. ದೊಡ್ಡಪ್ಪನ ಕಾಲಕ್ಕೆ ಪ್ರಮಾಣಪತ್ರವಿರಲಿಲ್ಲ. ಆದರೆ ಬೇಸಾಯದ ಮನೆಗಳ ನಡುವೆ ಒಬ್ಬನಿಗೆ ಕೋವಿ ಹಿಡಿಯಲು ಬರುವುದಿಲ್ಲವೆಂದು ಎಲ್ಲರಿಗೂ ತಿಳಿದಿರುತ್ತಿತ್ತು, ಕಾಡುಹಂದಿಯ ಕಾವಲಿಗೆ ಅವನನ್ನು ಕರೆಯುತ್ತಿರಲಿಲ್ಲ. ಕೋವಿಯನ್ನು ಬಗ್ಗಿಸಿ ತೆರೆದು ಖಾಲಿಯಿದೆಯೆಂದು ತೋರಿಸದೆ ಜಗಲಿ ಹತ್ತಿದ ನೆಂಟನೊಬ್ಬನನ್ನು ದೊಡ್ಡಪ್ಪ ಊಟಕ್ಕೆ ಕೂರಿಸದೆ ಕಳಿಸಿದ್ದನ್ನು ನಾನು ಕಂಡಿದ್ದೇನೆ. ಅಪರಿಚಿತರ ಊರಿನಲ್ಲಿ ಆ ಕೆಲಸವನ್ನು ಬೋಧಕನೊಬ್ಬನೇ ಮಾಡಬೇಕು.

ಇಲಿನಾಯ್‌ನ ಕಾಯ್ದೆ ಅದಕ್ಕೆ ಅವನ ಕೈಗೆ ಅಧಿಕಾರವನ್ನೂ ಕೊಟ್ಟಿದೆ. ಮೂರು ಸಂದರ್ಭಗಳಲ್ಲಿ ಪ್ರಮಾಣಪತ್ರ ಕೊಡಕೂಡದೆಂದು ಅದು ಹೇಳುತ್ತದೆ: ಬೋಧಕನ ಆದೇಶ ಪಾಲಿಸದಿದ್ದರೆ, ಬೋಧಕನ ಅಭಿಪ್ರಾಯದಲ್ಲಿ ಅಭ್ಯರ್ಥಿ ತನಗೆ ಅಥವಾ ಇತರರಿಗೆ ಅಪಾಯವಾಗುವಂತೆ ಬಂದೂಕನ್ನು ಹಿಡಿದರೆ, ಶೇ. 70 ಗುಂಡುಗಳು ಗುರಿಗೆ ತಾಗದಿದ್ದರೆ. ಮೂರನೆಯದನ್ನು ಎಲ್ಲರೂ ಎಣಿಸುತ್ತಾರೆ, ಏಕೆಂದರೆ ತೂತು ಎಣಿಸುವುದು ಸುಲಭ. ಎರಡನೆಯದಕ್ಕೆ ಬೆನ್ನುಮೂಳೆ ಬೇಕು. ಆದ್ದರಿಂದ ಯಾರಾದರೂ ತರಗತಿ ಹುಡುಕುತ್ತಿದ್ದೇನೆಂದು ನನ್ನನ್ನು ಕೇಳಿದರೆ, ಬೋಧಕರಿಗೆ ಫೋನ್ ಮಾಡಿ ‘ಕಳೆದ ವರ್ಷ ಎಷ್ಟು ಜನರನ್ನು ವಾಪಸು ಕಳಿಸಿದಿರಿ, ಯಾತಕ್ಕೆ’ ಎಂದು ಕೇಳಿ ಎನ್ನುತ್ತೇನೆ. ‘ನಮ್ಮಲ್ಲಿ ನೂರಕ್ಕೆ ನೂರು ಪಾಸ್’ ಎಂದು ಹೆಮ್ಮೆಪಟ್ಟರೆ ಫೋನ್ ಇಟ್ಟುಬಿಡಿ.

ನಾನು ಇಲ್ಲಿ ಸೇರಿದ ತರಗತಿಯ ಬೋಧಕಿ ಸೈನಿಕರೂ ಅಲ್ಲ, ಪೊಲೀಸರೂ ಅಲ್ಲ. ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಮೂವತ್ತು ಹದಿಹರೆಯದವರ ಕೈಗೆ ಆಸಿಡ್ ಕೊಟ್ಟು ವರ್ಷಗಟ್ಟಲೆ ಯಾರ ಕಣ್ಣನ್ನೂ ಕಳೆಯದೆ ಕಾದವರಿಗೆ ಇದು ಒಗ್ಗುವ ಕೆಲಸವೇ. ಆರಿಜೋನಾದಲ್ಲಿ 1976ರಲ್ಲಿ ಪಿಸ್ತೂಲು ಶಾಲೆ ಕಟ್ಟಿದ ಜೆಫ್ ಕೂಪರ್ ರೂಢಿಗೆ ತಂದ ನಾಲ್ಕು ನಿಯಮಗಳು – ಪ್ರತಿ ಬಂದೂಕೂ ತುಂಬಿದೆಯೆಂದೇ ತಿಳಿ, ನಾಶಮಾಡಲು ಇಷ್ಟವಿಲ್ಲದ್ದರ ಕಡೆಗೆ ನಳಿಕೆ ತಿರುಗಿಸಬೇಡ, ಗುರಿ ಕೂಡುವವರೆಗೆ ಟ್ರಿಗರ್ ಮುಟ್ಟಬೇಡ, ಗುರಿಯನ್ನೂ ಅದರ ಹಿಂದೆ ಇರುವುದನ್ನೂ ಅರಿತುಕೋ – ಇವನ್ನು ಅವರು ಒಬ್ಬೊಬ್ಬರಿಂದಲೂ ಬಾಯಲ್ಲಿ ಹೇಳಿಸಿದರು, ಮಗ್ಗಿ ಹೇಳಿಸಿದಂತೆ. ನನ್ನ ಪರ್ಸಿನಲ್ಲಿ ಟೆಕ್ಸಾಸಿನ ಪರ್ಮಿಟ್ ಇತ್ತು, ಮೂರು ವರ್ಷ ಒಯ್ದ ಅನುಭವವಿತ್ತು. ನಾನು ತುಸು ಬೇಸರದಿಂದಲೇ ಹೇಳಿದೆ.

ರೇಂಜಿನಲ್ಲಿ ಇಪ್ಪತ್ತಾರು ಗುಂಡು ಮುಗಿದಿತ್ತು, ಒಂದೇ ಒಂದು ತಪ್ಪಿತ್ತು. ಇಪ್ಪತ್ತೇಳನೆಯದಕ್ಕೆ ಸ್ಲೈಡ್ ಪೂರ್ತಿ ಮುಚ್ಚಿಕೊಳ್ಳಲಿಲ್ಲ. ‘ಇದೇನಾಯಿತು ನೋಡಿ’ ಎಂದು ಹೇಳಲು ನಾನು ಅವರ ಕಡೆಗೆ ತಿರುಗಿದೆ. ತಿರುಗಿದ್ದು ನನಗೆ ತಿಳಿಯಲೇ ಇಲ್ಲ. ಮಣಿಕಟ್ಟನ್ನು ಅವರ ಕೈ ಗಪ್ಪನೆ ಹಿಡಿದು ಮುಂದಕ್ಕೆ ನೂಕಿದಾಗ ತಿಳಿಯಿತು. ಪಕ್ಕದ ಲೇನಿನ ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಉಳಿದ ಗುಂಡುಗಳನ್ನು ತೆಗೆಸಿ, ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಿಸಿ, ‘ಗುರಿ ಚೆನ್ನಾಗಿದೆ, ಆದರೆ ಇವತ್ತು ನಿಮಗೆ ಕೊಡಲಾರೆ’ ಎಂದರು. ಕಾರಿನಲ್ಲಿ ಕುಳಿತು ಬಹಳ ಹೊತ್ತು ಬೈದುಕೊಂಡೆ, ಅವರನ್ನೇ. ಒಂದು ನಕ್ಷತ್ರದ ವಿಮರ್ಶೆಯ ಮೊದಲ ಸಾಲನ್ನೂ ಮನಸ್ಸಿನಲ್ಲೇ ಬರೆದೆ.

ಮೂರು ವಾರದ ನಂತರ ವಾಪಸು ಹೋದೆ. ಅವರು ಮತ್ತೆ ಹಣ ಕೇಳಲಿಲ್ಲ. ಮ್ಯಾಗಜಿನ್‌ಗಳನ್ನು ತಾವೇ ತುಂಬಿ ಕೊಟ್ಟರು. ನಡುನಡುವೆ ಪ್ಲಾಸ್ಟಿಕ್ಕಿನ ಹುಸಿಗುಂಡುಗಳನ್ನು ಸೇರಿಸಿದ್ದರೆಂದು ತಿಳಿದದ್ದು ಮೊದಲ ಸಲ ಟ್ರಿಗರ್ ಟಕ್ಕೆಂದು ಸುಮ್ಮನಾದಾಗ. ನಾನು ಅಲುಗಾಡಲಿಲ್ಲ. ನಳಿಕೆ ಹಾಳೆಯ ಕಡೆಗೇ ಇತ್ತು, ಬೆರಳು ಹೊರಗೆ ಬಂತು, ತಲೆ ತಿರುಗಿಸದೆಯೇ ಎಡಗೈ ಎತ್ತಿದೆ. ಹಾಗೆ ಐದು ಸಲ ನಿಲ್ಲಿಸಿದರು. ಆಮೇಲೆ ಮೂವತ್ತು ಗುಂಡುಗಳ ಪರೀಕ್ಷೆ ಮುಗಿಸಿ ಒಳಗೆ ಬಂದು, ಡ್ರಾಯರಿನಿಂದ ಖಾಲಿ ಪ್ರಮಾಣಪತ್ರವೊಂದನ್ನು ತೆಗೆದು, ಕನ್ನಡಕ ಹಾಕಿಕೊಂಡು, ನನ್ನ ಹೆಸರಿನ ಕಾಗುಣಿತವನ್ನು ಒಂದೊಂದೇ ಅಕ್ಷರ ಕೇಳಿ ಬರೆಯತೊಡಗಿದರು.